ಒಳಗಿನ ಕ್ಲಾಸಿಗೆ ಹೊರಗಿನ ಕ್ಲಾಸ್ ವೇರಿಯೇಬಲ್ ಸಿಗುತ್ತಿಲ್ಲ, ಲಿಸ್ಟ್ ಮಾತ್ರ ಎಲ್ಲ ಆಬ್ಜೆಕ್ಟ್‌ಗಳಲ್ಲೂ ಬೆರೆಯುತ್ತಿದೆ (ಪೈಥಾನ್ 3.12)

ಪ್ರಶ್ನೆ

ಪುಸ್ತಕಗಳ ಎರವಲಿನ ಲೆಕ್ಕವಿಡುವ ಸಣ್ಣ ಪ್ರೋಗ್ರಾಮ್ ಒಂದನ್ನು ಬರೆಯುತ್ತಿದ್ದೇನೆ. ‘ಗ್ರಂಥಾಲಯ’ ಎಂಬ ಕ್ಲಾಸಿನ ಆರಂಭದಲ್ಲಿ ಮೂರು ಕ್ಲಾಸ್ ವೇರಿಯೇಬಲ್‌ಗಳಿವೆ: ‘ಗಡುವು’ 14, ‘ಎಣಿಕೆ’ 0, ‘ಎರವಲು’ ಒಂದು ಖಾಲಿ ಲಿಸ್ಟ್. ಅವುಗಳ ಕೆಳಗೆ, ಅದೇ ಕ್ಲಾಸಿನೊಳಗೆ, ‘ಪುಸ್ತಕ’ ಎಂಬ ನೆಸ್ಟೆಡ್ ಕ್ಲಾಸ್ ಇದೆ. (ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳೂ ನಡೆಯುವುದರಿಂದ ಕೋಡಿನಲ್ಲಿ ಇರುವ ಹಾಗೆಯೇ ಇಲ್ಲಿ ಬರೆದಿದ್ದೇನೆ.)

‘ಪುಸ್ತಕ’ ಕ್ಲಾಸಿನ ಬಾಡಿಯಲ್ಲಿ ‘ಉಳಿದ_ದಿನ = ಗಡುವು’ ಎಂದು ಬರೆದರೆ, ‘ಗಡುವು’ ಡಿಫೈನ್ ಆಗಿಲ್ಲ ಎಂಬ ನೇಮ್‌ಎರರ್ ಬರುತ್ತದೆ. ‘ಗ್ರಂಥಾಲಯ.ಗಡುವು’ ಎಂದು ತಿದ್ದಿದರೆ, ‘ಗ್ರಂಥಾಲಯ’ವೇ ಡಿಫೈನ್ ಆಗಿಲ್ಲ ಎಂದು ಮತ್ತೆ ಅದೇ ಎರರ್. ಇದಲ್ಲದೆ, ‘ಅ’ ಮತ್ತು ‘ಬ’ ಎಂಬ ಎರಡು ಗ್ರಂಥಾಲಯ ಆಬ್ಜೆಕ್ಟ್‌ಗಳನ್ನು ಮಾಡಿ, ‘ಅ’ದ ಲಿಸ್ಟಿಗೆ ಅಪೆಂಡ್ ಮೂಲಕ ಸೇರಿಸಿದ ಪುಸ್ತಕ ‘ಬ’ದ ಲಿಸ್ಟಿನಲ್ಲೂ ಕಾಣಿಸುತ್ತಿದೆ; ಆದರೆ ‘ಸೆಲ್ಫ್.ಎಣಿಕೆ += 1’ ಮಾತ್ರ ಬೇರೆ ಬೇರೆಯಾಗಿಯೇ ಉಳಿಯುತ್ತಿದೆ. ಎರಡೂ ಕ್ಲಾಸ್ ವೇರಿಯೇಬಲ್‌ಗಳೇ ಆಗಿರುವಾಗ ಈ ವ್ಯತ್ಯಾಸ ಏಕೆ ಎಂದು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲು ನೇಮ್‌ಎರರ್ ನೋಡೋಣ. ಒಂದು ಫಂಕ್ಷನ್ನಿನೊಳಗೆ ಇನ್ನೊಂದು ಫಂಕ್ಷನ್ ಬರೆದಾಗ ಹೊರಗಿನದರ ಹೆಸರುಗಳು ಒಳಗಿನದಕ್ಕೆ ಸಿಗುತ್ತವೆ. ಕ್ಲಾಸಿನ ಬಾಡಿಗೆ ಆ ಗುಣವಿಲ್ಲ. ‘ಪುಸ್ತಕ’ದ ಬಾಡಿಯಲ್ಲಿ ‘ಗಡುವು’ ಎಂದು ಬರೆದಾಗ ಪೈಥಾನ್ ಆ ಹೆಸರನ್ನು ಮೊದಲು ‘ಪುಸ್ತಕ’ದಲ್ಲಿಯೇ ಹುಡುಕುತ್ತದೆ, ಅನಂತರ ‘ಗ್ರಂಥಾಲಯ’ವನ್ನು ದಾಟಿ ನೇರವಾಗಿ ಮಾಡ್ಯೂಲಿನ ಗ್ಲೋಬಲ್ ಹೆಸರುಗಳಿಗೆ, ಅಲ್ಲಿಂದ ಬಿಲ್ಟ್‌ಇನ್ ಹೆಸರುಗಳಿಗೆ ಹೋಗುತ್ತದೆ. ಎರರ್ ಬಂದದ್ದು ಒಳ್ಳೆಯದೇ ಆಯಿತು: ಮಾಡ್ಯೂಲಿನಲ್ಲಿ ಅದೇ ಹೆಸರಿನ ಬೇರೆ ವೇರಿಯೇಬಲ್ ಇದ್ದಿದ್ದರೆ, ಯಾವ ಎಚ್ಚರಿಕೆಯೂ ಇಲ್ಲದೆ ಅದರ ಬೆಲೆ ನಿಮ್ಮ ಕ್ಲಾಸಿಗೆ ಬಂದುಬಿಡುತ್ತಿತ್ತು.

ಎರಡನೆಯ ಎರರ್‌ಗೆ ಕಾರಣ ಬೇರೆ. ಕ್ಲಾಸಿನ ಬಾಡಿ ಮೇಲಿನಿಂದ ಕೆಳಗೆ ಸಾಮಾನ್ಯ ಕೋಡಿನಂತೆಯೇ ಓಡುತ್ತದೆ, ಅದು ಪೂರ್ತಿ ಮುಗಿದ ಮೇಲಷ್ಟೇ ‘ಗ್ರಂಥಾಲಯ’ ಎಂಬ ಹೆಸರು ಹುಟ್ಟುತ್ತದೆ. ‘ಪುಸ್ತಕ’ದ ಬಾಡಿ ಓಡುವ ಹೊತ್ತಿಗೆ ಆ ಹೆಸರೇ ಇರುವುದಿಲ್ಲ. ಆದರೆ ಇದೇ ‘ಗ್ರಂಥಾಲಯ.ಗಡುವು’ ಎಂಬುದನ್ನು ‘ಪುಸ್ತಕ’ದ ಒಂದು ಮೆಥಡ್‌ನೊಳಗೆ ಬರೆದರೆ ಅದು ಸರಿಯಾಗಿ ನಡೆಯುತ್ತದೆ, ಏಕೆಂದರೆ ಮೆಥಡ್‌ನ ಒಳಗಿನ ಹೆಸರುಗಳನ್ನು ಹುಡುಕುವುದು ಅದನ್ನು ಕರೆದಾಗ. ಹಾಗಾಗಿ ಆ ಸಾಲನ್ನು ‘ಪುಸ್ತಕ’ದ ಇನಿಟ್ (ಆಬ್ಜೆಕ್ಟ್ ಹುಟ್ಟುವಾಗ ತಾನಾಗಿಯೇ ಓಡುವ) ಮೆಥಡ್‌ಗೆ ಸಾಗಿಸಿ.

ಉತ್ತರ 2

ಲಿಸ್ಟಿನ ವಿಷಯಕ್ಕೆ ಬರುತ್ತೇನೆ. ಓದುವುದಕ್ಕೂ ಬರೆಯುವುದಕ್ಕೂ ಇಲ್ಲಿ ಒಂದೇ ನಿಯಮವಿಲ್ಲ. ‘ಸೆಲ್ಫ್.ಎರವಲು’ ಎಂದು ಓದಿದಾಗ ಪೈಥಾನ್ ಆಬ್ಜೆಕ್ಟಿನಲ್ಲಿ ಹುಡುಕಿ, ಅಲ್ಲಿ ಇಲ್ಲದಿದ್ದರೆ ಕ್ಲಾಸಿನಲ್ಲಿರುವುದನ್ನು ಕೊಡುತ್ತದೆ, ಆದರೆ ‘ಸೆಲ್ಫ್.’ ಎಂದು ಅಸೈನ್ ಮಾಡಿದಾಗ ಅದು ಆಬ್ಜೆಕ್ಟಿನಲ್ಲಿಯೇ ಹೊಸದಾಗಿ ಬರೆಯುತ್ತದೆ, ಕ್ಲಾಸನ್ನು ಮುಟ್ಟುವುದಿಲ್ಲ. ಅಪೆಂಡ್ ಮಾಡುವುದು ಅಸೈನ್ ಅಲ್ಲ. ಅದು ಕ್ಲಾಸಿನಲ್ಲಿರುವ ಒಂದೇ ಲಿಸ್ಟನ್ನು ತೆಗೆದುಕೊಂಡು ಅದನ್ನೇ ಬೆಳೆಸುತ್ತದೆ. ‘ಸೆಲ್ಫ್.ಎಣಿಕೆ += 1’ ಆದರೋ ಕ್ಲಾಸಿನ 0 ಓದಿ, 1 ಕೂಡಿಸಿ, ಫಲವನ್ನು ಆಬ್ಜೆಕ್ಟಿನಲ್ಲಿ ಇಡುತ್ತದೆ.

ನಿಮ್ಮ ಕೋಡ್ ಓಡಿದ ಮೇಲೆ ‘ಅ’ ಆಬ್ಜೆಕ್ಟಿನ ಮೇಲೆ ವಾರ್ಸ್ ಫಂಕ್ಷನ್ (ಆಬ್ಜೆಕ್ಟಿನಲ್ಲೇ ಇರುವ ವೇರಿಯೇಬಲ್‌ಗಳನ್ನು ತೋರಿಸುವಂಥದ್ದು) ಕರೆದು ನೋಡಿ. ‘ಎಣಿಕೆ’ ಅದರಲ್ಲಿ ಇರುತ್ತದೆ, ‘ಎರವಲು’ ಇರುವುದಿಲ್ಲ. ಇದರಲ್ಲೇ ಬಹಳ ಜನರನ್ನು ಕಾಡುವ ಒಂದು ಸೂಕ್ಷ್ಮವಿದೆ: ಅಪೆಂಡ್ ಬದಲು ಲಿಸ್ಟಿನ ಮೇಲೂ += ಬಳಸಿದರೆ, ಲಿಸ್ಟ್ ತಾನಿದ್ದಲ್ಲಿಯೇ ಬೆಳೆದು, ಆ ಬಳಿಕ ಅದೇ ಲಿಸ್ಟನ್ನು ಆಬ್ಜೆಕ್ಟಿಗೂ ಅಸೈನ್ ಮಾಡಲಾಗುತ್ತದೆ. ಆಗ ವಾರ್ಸ್ ‘ಎರವಲು’ ಇದೆ ಎಂದು ತೋರಿಸಿದರೂ ಅದು ಹಂಚಿಕೊಂಡ ಲಿಸ್ಟೇ ಆಗಿರುತ್ತದೆ. ‘ಗಡುವು’ ಎಲ್ಲ ಗ್ರಂಥಾಲಯಗಳಿಗೂ ಸಮಾನವಾದ ನಿಯಮವಾದ್ದರಿಂದ ಕ್ಲಾಸಿನಲ್ಲಿರಲಿ. ‘ಎರವಲು’ ಮತ್ತು ‘ಎಣಿಕೆ’ ಪ್ರತಿ ಆಬ್ಜೆಕ್ಟಿನ ಸ್ವಂತ ಸ್ಥಿತಿಯಾದ್ದರಿಂದ ಅವು ‘ಗ್ರಂಥಾಲಯ’ದ ಇನಿಟ್ ಮೆಥಡ್‌ಗೆ ಹೋಗಬೇಕು.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು, ಎರಡೂ ತೊಂದರೆಗಳು ಬಗೆಹರಿದವು. ಈಗ ಇನ್ನೊಂದು ಉಳಿದಿದೆ. ‘ಗ್ರಂಥಾಲಯ’ದಿಂದ ‘ಶಾಲಾ_ಗ್ರಂಥಾಲಯ’ ಎಂಬ ಸಬ್‌ಕ್ಲಾಸ್ ಮಾಡಿ ಅದರಲ್ಲಿ ‘ಗಡುವು’ 7 ಎಂದು ಕೊಟ್ಟಿದ್ದೇನೆ. ಆದರೂ ಅದರ ಮೂಲಕ ಮಾಡಿದ ಪುಸ್ತಕಗಳಿಗೆ 14 ದಿನಗಳೇ ಬರುತ್ತಿವೆ. ಜಾವಾದಲ್ಲಿ ಒಳಗಿನ ಕ್ಲಾಸಿಗೆ ಹೊರಗಿನ ಆಬ್ಜೆಕ್ಟ್ ತಾನಾಗಿಯೇ ತಿಳಿದಿರುತ್ತದೆಯಲ್ಲವೇ?

ಉತ್ತರ 1 ಬರೆದವರಿಂದ

ಜಾವಾದಲ್ಲಿ ಸ್ಟ್ಯಾಟಿಕ್ ಅಲ್ಲದ ಒಳ ಕ್ಲಾಸಿನ ಪ್ರತಿಯೊಂದು ಆಬ್ಜೆಕ್ಟೂ ತನ್ನ ಹೊರಗಿನ ಆಬ್ಜೆಕ್ಟಿನ ರೆಫರೆನ್ಸನ್ನು ಗುಪ್ತವಾಗಿ ಹೊತ್ತಿರುತ್ತದೆ. ಪೈಥಾನ್‌ನಲ್ಲಿ ಅಂಥ ಯಾವ ಸಂಬಂಧವೂ ಇಲ್ಲ. ಈ ವಿಷಯದಲ್ಲಿ ಅದು ಜಾವಾದ ಸ್ಟ್ಯಾಟಿಕ್ ನೆಸ್ಟೆಡ್ ಕ್ಲಾಸಿಗೆ ಹತ್ತಿರ. ‘ಪುಸ್ತಕ’ ಎಂಬ ಹೆಸರು ‘ಗ್ರಂಥಾಲಯ’ದ ಒಂದು ಕ್ಲಾಸ್ ವೇರಿಯೇಬಲ್ಲಿನಲ್ಲಿ ಕುಳಿತಿದೆ, ಅಷ್ಟೇ. ಸಬ್‌ಕ್ಲಾಸಿಗೂ ಅದೇ ‘ಪುಸ್ತಕ’ ಬರುತ್ತದೆ, ಮತ್ತು ಅದರ ಮೆಥಡ್‌ನಲ್ಲಿ ‘ಗ್ರಂಥಾಲಯ.ಗಡುವು’ ಎಂದು ಹೆಸರು ಹಿಡಿದು ಬರೆದಿರುವುದರಿಂದ ಯಾವಾಗಲೂ ಮೂಲ ಕ್ಲಾಸಿನ 14 ಸಿಗುತ್ತದೆ.

ಸಂಬಂಧವನ್ನು ನೀವೇ ಕೊಡಬೇಕು. ‘ಪುಸ್ತಕ’ದ ಇನಿಟ್ ‘ಒಡೆಯ’ ಎಂಬ ಒಂದು ಪ್ಯಾರಾಮೀಟರ್ ಪಡೆಯಲಿ, ‘ಉಳಿದ_ದಿನ’ದ ಬೆಲೆಯನ್ನು ‘ಒಡೆಯ.ಗಡುವು’ ಎಂಬುದರಿಂದ ತೆಗೆದುಕೊಳ್ಳಲಿ. ‘ಗ್ರಂಥಾಲಯ’ದಲ್ಲಿ ‘ಪುಸ್ತಕ_ಸೇರಿಸು’ ಎಂಬ ಮೆಥಡ್ ಇಟ್ಟು, ಅದರೊಳಗೆ ‘ಸೆಲ್ಫ್.ಪುಸ್ತಕ’ವನ್ನು ಕರೆಯುವಾಗ ‘ಸೆಲ್ಫ್’ ಅನ್ನೇ ಒಡೆಯನಾಗಿ ಕೊಡಿ. ಆಗ ಶಾಲೆಯ ಆಬ್ಜೆಕ್ಟಿನಿಂದ 7, ಉಳಿದವುಗಳಿಂದ 14 ಬರುತ್ತದೆ.

ಇಷ್ಟಾದ ಮೇಲೆ ‘ಪುಸ್ತಕ’ವನ್ನು ಒಳಗೇ ಇಡಬೇಕೇ ಎಂಬುದನ್ನೂ ಯೋಚಿಸಿ. ಅದನ್ನು ಬೇರೆ ಫೈಲುಗಳಿಂದಲೂ ಬಳಸುವುದಿದ್ದರೆ ನಾನಂತೂ ಮಾಡ್ಯೂಲಿನ ಮಟ್ಟಕ್ಕೆ ತರುತ್ತೇನೆ; ‘ಒಡೆಯ’ ಪ್ಯಾರಾಮೀಟರ್ ಇರುವುದರಿಂದ, ‘ಸೆಲ್ಫ್.ಪುಸ್ತಕ’ ಎಂಬುದನ್ನು ‘ಪುಸ್ತಕ’ ಎಂದು ಮಾಡುವುದರ ಹೊರತು ಬೇರೇನನ್ನೂ ಬದಲಿಸಬೇಕಾಗಿಲ್ಲ.