ಹಿಂದುಮುಂದಾಗಿ ಓದಿದರೂ ಬದಲಾಗದ ಸಂಖ್ಯೆಗೆ ಹೆಸರೇನು?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಗಣಿತದ ಬರಹವೊಂದನ್ನು ಬರೆಯುತ್ತಾ 12345654321ರ ಬಳಿ ಸಿಕ್ಕಿಕೊಂಡಿದ್ದೇನೆ. ಯಾವ ಕಡೆಯಿಂದ ಓದಿದರೂ ಒಂದೇ ಆಗುವ ಇಂಥ ಸಂಖ್ಯೆಯನ್ನು ಕನ್ನಡದಲ್ಲಿ ಏನೆನ್ನೋಣ? 'ಪಾಲಿಂಡ್ರೋಮ್' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಕರಡು ಓದಿದ ಮೊಮ್ಮಗಳು ಆ ಪದದಲ್ಲೇ ಮೂರು ಸಲ ಎಡವಿದಳು. 'ಗತಪ್ರತ್ಯಾಗತ' ಎಂದರೆ ಓಡಿಯೇ ಹೋಗುತ್ತಾಳೆ. ಅದು 'ಕುಬೇರನಿಗೇನಿರಬೇಕು' ಎಂಬಂಥ ಅಕ್ಷರದಾಟಕ್ಕೆ ಒಪ್ಪುವ ಮಾತು.

ಹೆಸರಿನ ಸುಳಿವು ನಮ್ಮ ನೆಲದಲ್ಲೇ ಇದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇಂಥ ಗುಣಲಬ್ಧಗಳ ಸಾಲೇ ಬರುತ್ತದೆ. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001, ಅಂದರೆ ನೂರು ಕೋಟಿಯ ಮೇಲೊಂದು. ನನ್ನನ್ನು ಕಾಡುತ್ತಿರುವ ಸಂಖ್ಯೆ 27994681 ಮತ್ತು 441ರ ಗುಣಲಬ್ಧ. ಬಿಡಿಸಿ ನೋಡಿದೆ: ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ, ಎರಡರ ಮೂಲಗಳನ್ನು ಗುಣಿಸಿದರೆ 111111. ಅದರ ವರ್ಗವೇ ಇದು! ಮಹಾವೀರಾಚಾರ್ಯ ಇದನ್ನು ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದೆಂದು ವರ್ಣಿಸುತ್ತಾನೆ. ಈ ಬಗೆಯ ಸಂಖ್ಯೆಗಳನ್ನು ಕೊರಳಿನ ಆಭರಣವಾಗಿ, ಕಂಠಿಕೆಯಾಗಿ ಕಂಡವನೂ ಅವನೇ.

ಮೊನ್ನೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ದೇವರ ಹಾರ ಕಟ್ಟುವುದನ್ನು ನೋಡುತ್ತಾ ನಿಂತಿದ್ದೆ. ಎಡಕ್ಕೆ ಸೇವಂತಿಗೆ, ಗುಲಾಬಿ, ಮರುಗ. ಬಲಕ್ಕೂ ಅದೇ ಸರದಿ. ಕೆಳಗೆ ನಡುವಿನಲ್ಲಿ ಕುಚ್ಚು. ನನ್ನ ಸಂಖ್ಯೆಯ 6 ಆ ಕುಚ್ಚಿನ ಹಾಗೆಯೇ ತೂಗುತ್ತಿದೆ ಅನ್ನಿಸಿತು.

ಹಾಗಾದರೆ 'ಹಾರಸಂಖ್ಯೆ' ಎನ್ನಬಹುದೇ? ಒಂದು ತೊಡಕಿದೆ. ಹಳೆಯ ಗಣಿತದಲ್ಲಿ 'ಹಾರ' ಎಂದರೆ ಭಾಜಕ, 'ಭಾಗಹಾರ' ಎಂದರೆ ಭಾಗಾಕಾರ. ಬಲ್ಲವರು ತಪ್ಪಾಗಿ ತಿಳಿದಾರು. 'ಸರಸಂಖ್ಯೆ' ಚಿಕ್ಕದು, ಆದರೆ ಅಚ್ಚಿನಲ್ಲಿ ಒಂದು 'ಸ' ಹೆಚ್ಚಾಗಿ ಬಿದ್ದರೆ 'ಸರಸಸಂಖ್ಯೆ'ಯಾಗಿ ಮಾನ ಹೋದೀತು. ಇನ್ನು 'ಸಂಖ್ಯೆ' ಎಂಬುದರ ಮೇಲೂ ನನಗೆ ಅನುಮಾನ. ನೂರು ಕೋಟಿ ಒಂದು ಎಂದು ಅಕ್ಷರದಲ್ಲಿ ಬರೆದರೆ ಹಿಂದುಮುಂದಿನ ಸೊಗಸು ಉಳಿಯದು. ಗುಣ ಇರುವುದು ಅಂಕಿಗಳ ಜೋಡಣೆಯಲ್ಲಿ. ಆದರೆ 'ಅಂಕಮಾಲೆ' ಎಂದರೆ ಮಕ್ಕಳಿಗೆ ಅಂಕಪಟ್ಟಿಯ ನೆನಪಾಗುತ್ತದೆ, ಪಾಪ.

ಅಂಕಿಗಳು ಬಲದಿಂದ ಎಡಕ್ಕೆ ನಡೆಯುತ್ತವೆ, 'ಅಂಕಾನಾಂ ವಾಮತೋ ಗತಿಃ' ಎಂಬುದು ಪದ್ಯದಲ್ಲಿ ಸಂಖ್ಯೆ ಹೇಳುವವರ ನಿಯಮ. ಆ ನಿಯಮ ಮರೆತು ಓದಿದರೂ ತಪ್ಪಾಗದ ಸಂಖ್ಯೆಗಳು ಇವು ಮಾತ್ರ.

ಸದ್ಯಕ್ಕೆ 'ಕಂಠಿಕೆ ಸಂಖ್ಯೆ' ಎಂದು ಬರೆದಿಟ್ಟಿದ್ದೇನೆ. ಮೈಸೂರು, ಮಂಡ್ಯ ಕಡೆಯ ಶಾಲೆಗಳಲ್ಲಿ ಗಣಿತ ಕಲಿಸುವವರು ತರಗತಿಯಲ್ಲಿ ಬಾಯಿಮಾತಿಗೆ ಇದನ್ನು ಏನೆಂದು ಕರೆಯುತ್ತೀರಿ?