ನಲಿಕಲಿ ತರಗತಿಯ ವಿಶೇಷ ಅಗತ್ಯವುಳ್ಳ ಮಗುವಿಗೆ ಕಲಿಕಾ ಗುರಿಯನ್ನು ಹೇಗೆ ಬರೆಯಬೇಕು?

ಪ್ರಶ್ನೆ – ಶಿಕ್ಷಕಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ
ಮಾನ್ಯರೇ, ನನ್ನ ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ) ತರಗತಿಯಲ್ಲಿ ಬೌದ್ಧಿಕ ಅಂಗವೈಕಲ್ಯವಿರುವ 9 ವರ್ಷದ ಬಾಲಕನೊಬ್ಬನಿದ್ದಾನೆ. ಅವನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ‘ವರ್ಷಾಂತ್ಯಕ್ಕೆ 1ರಿಂದ 50ರವರೆಗಿನ ಸಂಖ್ಯೆಗಳನ್ನು ಕಲಿಯುವುದು’ ಎಂದು ಜೂನ್‌ನಲ್ಲಿ ನಾನೇ ಬರೆದಿದ್ದೆ. ಈಗ ನವೆಂಬರ್. ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುತ್ತಾನಾದರೂ, ಮೂರು ಕಲ್ಲು ಕೊಡು ಎಂದರೆ ಕೈಗೆ ಸಿಕ್ಕಷ್ಟನ್ನು ಕೊಡುತ್ತಾನೆ. ಬಿಐಇಆರ್‌ಟಿಯವರು (ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು) ಹಲವು ಶಾಲೆಗಳನ್ನು ನೋಡಿಕೊಳ್ಳಬೇಕಾದ್ದರಿಂದ ನಮ್ಮಲ್ಲಿಗೆ ಅಪರೂಪಕ್ಕೆ ಬರುತ್ತಾರೆ. ಉಳಿದ ದಿನಗಳಲ್ಲಿ, 24 ಮಕ್ಕಳ ನಡುವೆ, ನಾನು ಅವನಿಗಾಗಿ ಏನು ಮಾಡಬಹುದು?

ಉತ್ತರ – ವಿಶೇಷ ಶಿಕ್ಷಕಿ, ಮೈಸೂರು
ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಅವನ ಮುಂದಿನ ಗುರಿ ಇದೆ: ಆ ಮೂರು ಕಲ್ಲು. ‘ಕಲಿಯುವುದು’ ಎಂಬುದನ್ನು ಅಳೆಯಲಾಗದು. ಆದ್ದರಿಂದ ‘ಹತ್ತು ಕಲ್ಲುಗಳ ರಾಶಿಯಿಂದ, ಕೇಳಿದಾಗ, ಒಂದು, ಎರಡು ಅಥವಾ ಮೂರು ಕಲ್ಲುಗಳನ್ನು ಸಹಾಯವಿಲ್ಲದೆ ಎಣಿಸಿ ಕೊಡುತ್ತಾನೆ, 5 ಪ್ರಯತ್ನಗಳಲ್ಲಿ 4 ಸರಿ, ಸತತ ಮೂರು ದಿನ’ ಎಂದು ಬರೆಯಿರಿ. ಎಣಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗಿನ್ನೂ ತಿಳಿದಿಲ್ಲ. ಒಂದು, ಎರಡು, ಮೂರು ವೃತ್ತಗಳಿರುವ ಬೇರೆ ಬೇರೆ ರಟ್ಟುಗಳನ್ನು ಮಾಡಿ, ಸಂಖ್ಯೆಯನ್ನು ಹೇಳುತ್ತಾ ವೃತ್ತಕ್ಕೊಂದರಂತೆ ಕಲ್ಲು ಇಡಿಸಿ. ಪ್ರತಿದಿನ ಐದೇ ನಿಮಿಷ ಸಾಕು. ಪ್ರತಿ ಪ್ರಯತ್ನದ ಮುಂದೆ ‘ಕೈ’ (ಕೈಹಿಡಿದು ಮಾಡಿಸಿದ್ದು), ‘ಸನ್ನೆ’, ‘ಮಾತು’ (ನೀವು ಹೇಳಿ ಮಾಡಿಸಿದ್ದು), ‘ತಾನೇ’ ಎಂದು, ಯಾವ ಸಹಾಯ ಬೇಕಾಯಿತೋ ಅದನ್ನು ಗುರುತು ಮಾಡಿ. ಎರಡು ವಾರಗಳಲ್ಲಿ ‘ಕೈ’ ಕಡಿಮೆಯಾಗಿ ‘ಮಾತು’ ಹೆಚ್ಚಾದರೆ, ಉತ್ತರ ಇನ್ನೂ ತಪ್ಪಿದರೂ ಅದು ಪ್ರಗತಿಯೇ. ನಲಿಕಲಿಯ ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನದೇ ವೇಗದಲ್ಲಿ ಏರುವುದರಿಂದ, ಇವನಿಗಾಗಿ ಮೆಟ್ಟಿಲುಗಳನ್ನು ಇನ್ನಷ್ಟು ಸಣ್ಣದಾಗಿಸುವುದು ನಿಮಗೆ ಹೊಸ ಕೆಲಸವೆನಿಸದು.

ಉತ್ತರ – ತಾಯಿ, ಧಾರವಾಡ
ಅಕ್ಕೋರೇ, ದಯವಿಟ್ಟು ಗುರಿ ಬರೆಯುವ ಮೊದಲು ಮನೆಯವರನ್ನು ಕೇಳಿರಿ. ನನ್ನ ಮಗಳ ಶಾಲೆಯಲ್ಲಿ ಎರಡು ವರ್ಷ ಯಾರೂ ನಮ್ಮನ್ನು ಕೇಳಲಿಲ್ಲ; ಶಾಲೆಯಲ್ಲಿ ‘ಎಣಿಸು’ ಎನ್ನುತ್ತಿದ್ದರು, ಮನೆಯಲ್ಲಿ ನಾವು ‘ಲೆಕ್ಕ ಹಾಕು’ ಎನ್ನುತ್ತಿದ್ದೆವು, ಅವಳು ಎರಡಕ್ಕೂ ಸುಮ್ಮನೆ ನಿಲ್ಲುತ್ತಿದ್ದಳು. ಬಳಿಕ ಬಂದ ಶಿಕ್ಷಕಿ ಒಂದೇ ಮಾತನ್ನು ಗೊತ್ತುಮಾಡಿಕೊಟ್ಟರು. ಈಗ ರಾತ್ರಿ ಊಟಕ್ಕೆ ನಾಲ್ಕು ತಾಟು ಇಡುವುದು ಅವಳದೇ ಕೆಲಸ, ಅದನ್ನು ಬೇರೆ ಯಾರಿಗೂ ಬಿಡುವುದಿಲ್ಲ.

ಉತ್ತರ – ನಿವೃತ್ತ ಮುಖ್ಯ ಶಿಕ್ಷಕ
ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 16ನೆಯ ಕಲಮಿನ ಪ್ರಕಾರ ಅಂತಹ ಪ್ರತಿ ವಿದ್ಯಾರ್ಥಿಯ ಭಾಗವಹಿಸುವಿಕೆ ಮತ್ತು ಪ್ರಗತಿಯನ್ನು ಗಮನಿಸುವುದು ಶಿಕ್ಷಣ ಸಂಸ್ಥೆಯ ಕರ್ತವ್ಯ. ಆದ್ದರಿಂದ ಈ ಹೊಣೆಯನ್ನು ನೀವೊಬ್ಬರೇ ಹೊರಬೇಕಿಲ್ಲ. ಯೋಜನೆಯನ್ನು ಮುಖ್ಯ ಶಿಕ್ಷಕರ ಮುಂದಿಟ್ಟು ವರ್ಷದ ನಡುವೆಯೇ ಬದಲಿಸಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಅವನ ತಾಯಿಯನ್ನು ಬರಹೇಳಿದ್ದೇನೆ. ವೃತ್ತಗಳ ರಟ್ಟನ್ನು ಯಾವಾಗ ತೆಗೆಯಬೇಕು?

ವಿಶೇಷ ಶಿಕ್ಷಕಿ, ಮೈಸೂರು
ಒಮ್ಮೆಗೇ ತೆಗೆಯಬೇಡಿ. ‘ತಾನೇ’ ಎಂಬ ಗುರುತು ಮೂರು ದಿನ ಬಂದ ಮೇಲೆ ವೃತ್ತದ ಗೆರೆಯನ್ನು ತೆಳುವಾಗಿಸಿ, ನಂತರ ಚುಕ್ಕಿಯಾಗಿಸಿ, ಕೊನೆಗೆ ಖಾಲಿ ರಟ್ಟು ಕೊಡಿ. ತಪ್ಪಿದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.