ಸಹಾಯ ಬೇಕು: ಇಟಲಿಯ ಸಂಸದರು ದಿಢೀರ್ ಅಂತ ತಿರುಗಿದ್ದು ಯಾಕೆ?

ಎಂಎ ಸೆಮಿನಾರ್‌ಗೆ ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿದ ವಿಷಯ ತಗೊಂಡು ಸಿಕ್ಕಾಕೊಂಡಿದೀನಿ. 1914ರಲ್ಲಿ ತಟಸ್ಥ. 1915ರ ಏಪ್ರಿಲ್ 26ಕ್ಕೆ ಲಂಡನ್‌ನಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ ಜೊತೆ ಗುಟ್ಟಾಗಿ ಒಪ್ಪಂದ: ಆಸ್ಟ್ರಿಯಾ ವಿರುದ್ಧ ಬಂದ್ರೆ ಅದರ ಕೈಲಿರೋ ಟ್ರೆಂಟಿನೊ, ಟ್ರಿಯೆಸ್ಟ್ ಪ್ರದೇಶಗಳು ನಿಮಗೇ ಅಂತ. ಇಲ್ಲೀವರೆಗೂ ಸರಿ.

ಮೇನಲ್ಲಿ, ಯುದ್ಧ ಬೇಡ ಅಂತಿದ್ದ ಮಾಜಿ ಪ್ರಧಾನಿ ಜೊಲಿಟ್ಟಿ ರೋಮ್‌ಗೆ ಬಂದಾಗ ಸುಮಾರು 300 ಸಂಸದರು ಅವರ ಮನೇಲಿ ವಿಸಿಟಿಂಗ್ ಕಾರ್ಡ್ ಇಟ್ಟು ಬೆಂಬಲ ತೋರಿಸಿದ್ರು. ಯುದ್ಧಕ್ಕೆ ಹೊರಟಿದ್ದ ಪ್ರಧಾನಿ ಸಲಾಂದ್ರ ರಾಜೀನಾಮೆ ಕೊಟ್ರು, ರಾಜ ಒಪ್ಪಲಿಲ್ಲ. ಮೇ 20ಕ್ಕೆ ನೋಡಿದ್ರೆ ಅದೇ ಸಂಸತ್ತು 407–74 ಮತಗಳಿಂದ ಸರ್ಕಾರಕ್ಕೆ ಯುದ್ಧದ ಅಧಿಕಾರ ಕೊಟ್ಟುಬಿಡ್ತು!

ಪಠ್ಯಪುಸ್ತಕ, ಸೀನಿಯರ್‌ಗಳ ನೋಟ್ಸ್ ಎಲ್ಲಾ ತಿರುವಿ ಹಾಕಿದೆ. ‘ಭೂಮಿ ಆಸೆಗೆ ಸೇರಿತು’ ಅಂತ ಒಂದೇ ಸಾಲು. ಅದು ಸರ್ಕಾರದ ಲೆಕ್ಕಾಚಾರ, ಸಂಸದರದ್ದಲ್ಲವಲ್ಲ. ಅವರು ಮಣಿದಿದ್ದು ಯುದ್ಧ ಬೇಕು ಅಂತ ನಡೆದ ಬೀದಿ ಗಲಾಟೆಗೋ, ರಾಜ ಪಟ್ಟ ಬಿಟ್ಟಾನು ಅನ್ನೋ ಭಯಕ್ಕೋ? ಯಾವುದಕ್ಕೆ ಹೆಚ್ಚು ತೂಕ ಕೊಡಲಿ? ತಿಳಿದವರು ಹೇಳಿ.